ಕಿಸೆಯೊಳಗಿನ ಮೆಹಫಿಲ್

ಕತೆ, ಕವಿತೆ, ನಾಟಕ, ಸಿನೆಮಾಗಳಿಗೆ ವಿಮರ್ಶೆಯ ಭಾಗ್ಯವಿದೆ. ಸಂಗೀತ ಕಚೇರಿಯೊಂದು ನಡೆದರೆ ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲಾದರೂ ಬರುತ್ತದೆ. ಆದರೆ ಆ ಸಂಗೀತವನ್ನು ಮನೆಮನೆಗೆ ಒಯ್ದ ಯಂತ್ರಗಳನ್ನು ನಾವು ವಿಮರ್ಶೆಗೆ ತಕ್ಕ ವಸ್ತುಗಳೆಂದು ಬಗೆದಿಲ್ಲ. ಅವುಗಳ ಬೆಲೆ ಕೇಳುತ್ತೇವೆ, ಗ್ಯಾರಂಟಿ ಕೇಳುತ್ತೇವೆ, ಕೆಟ್ಟರೆ ಎಸೆಯುತ್ತೇವೆ. ಅವು ನಮ್ಮ ಕಿವಿಯನ್ನು ಹೇಗೆ ತಿದ್ದಿದವು, ಯಾರನ್ನು ಹತ್ತಿರ ತಂದವು, ಯಾರನ್ನು ಮರೆಸಿದವು ಎಂದು ಕೇಳುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಬಜಾರುಗಳಲ್ಲಿ 2000ದ ದಶಕದ ಕೊನೆಯ ವರ್ಷಗಳಿಂದ ರಾಶಿ ಬಿದ್ದು ಮಾರಾಟವಾದ ಅಗ್ಗದ ಹಾಡಿನ ಡಬ್ಬಿಯನ್ನು ಈ ಪ್ರಶ್ನೆಗಳ ಮುಂದೆ ಇಟ್ಟು ನೋಡುವುದು ಈ ಬರಹದ ಉದ್ದೇಶ.

ದುರ್ಗದಬೈಲಿನ ತಳ್ಳುಗಾಡಿಗಳಲ್ಲಿ, ಧಾರವಾಡದ ಸುಭಾಸ ರಸ್ತೆಯ ಬದಿಯಲ್ಲಿ ಈ ಡಬ್ಬಿಗೆ ಕಂಪನಿಯ ಹೆಸರೇ ಬೇಕಾಗಿರಲಿಲ್ಲ. ‘ಚೀನಾ ಮಾಲು’ ಎಂದರೆ ಸಾಕಿತ್ತು. ಅಂಗೈಯಗಲದ ಪೆಟ್ಟಿಗೆ, ಎಳೆದು ಉದ್ದ ಮಾಡುವ ಏರಿಯಲ್ಲು, ಮೆಮೊರಿ ಕಾರ್ಡು ತೂರಿಸಲು ಒಂದು ಸೀಳು, ಎಫ್‌ಎಂ ರೇಡಿಯೊ, ಹಿಂದೆ ಮುಚ್ಚಳ ತೆಗೆದರೆ ಹಳೆಯ ಮೊಬೈಲುಗಳಲ್ಲಿದ್ದ ಅದೇ ಬಿಎಲ್-5ಸಿ ಬ್ಯಾಟರಿ. ಕೊಳ್ಳುವವರು ಕೇಳುತ್ತಿದ್ದ ಮೊದಲ ಪ್ರಶ್ನೆ, “ಜೋರು ಬರತದೇನ್ರೀ?” ಎಂಬುದು. ಡಬ್ಬಿ ಕೊಂಡ ಮೇಲೆ ಪಕ್ಕದ ಮೊಬೈಲ್ ಅಂಗಡಿಗೆ ಹೋಗಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಕಾರ್ಡಿನ ತುಂಬ ಹಾಡು. ಏನು ಹಾಕಲಿ ಎಂದು ಅಂಗಡಿಯ ಹುಡುಗ ಕೇಳುತ್ತಿದ್ದ. “ಹಳೇವು ಹಾಕ್ರಿ”, “ಕವ್ವಾಲಿ ಹಾಕ್ರಿ”, “ಒಂದಿಷ್ಟು ಜನಪದ ಇರಲಿ” ಎಂಬಲ್ಲಿಗೆ ಆಯ್ಕೆ ಮುಗಿಯುತ್ತಿತ್ತು.

ಈ ಡಬ್ಬಿ ಬಂದು ಬಿದ್ದದ್ದು ಎಂಥ ಊರಿಗೆ ಎಂಬುದನ್ನು ನೆನೆಯಬೇಕು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872-1937) ಮೈಸೂರು ಅರಮನೆಗೆ ಹೋಗಿಬರುವಾಗ ಧಾರವಾಡದಲ್ಲಿ ತಂಗುತ್ತಿದ್ದರು. ಅವರ ಕೈಯಲ್ಲಿ ಕಲಿತ ಕುಂದಗೋಳದ ರಾಮಭಾವು ಮುಂದೆ ಸವಾಯಿ ಗಂಧರ್ವರಾದರು. ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರರು ಜೈಪುರ ಘರಾಣೆಯ ವಿದ್ಯೆ ಪಡೆದದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್, ಬುರ್ಜೀ ಖಾನರಿಂದ. ಸಿತಾರ್ ರತ್ನ ರಹಿಮತ್ ಖಾನರು ಧಾರವಾಡಕ್ಕೆ ಬಂದು ನೆಲೆಸಿದರು. 2007ರಲ್ಲಿ ತೀರಿಕೊಂಡ ಬಾಲೇಖಾನರವರೆಗೆ ಆ ಮನೆಯ ಸಿತಾರು ಈ ನೆಲದ ದನಿಯೇ ಆಗಿತ್ತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಇವರೆಲ್ಲರನ್ನೂ ಹೊಲಗದ್ದೆಗಳಿಗೆ ಮುಟ್ಟಿಸಿತು. ಮುಸ್ಲಿಂ ಉಸ್ತಾದರು, ಲಿಂಗಾಯತ ಮತ್ತು ಬ್ರಾಹ್ಮಣ ಶಿಷ್ಯರು, ದೇವದಾಸಿ ಮನೆತನಗಳ ಹೆಣ್ಣುಮಕ್ಕಳು ಕೂಡಿ ಕಟ್ಟಿದ ಕೇಳ್ಮೆಯ ಊರು ಇದು. ಅಂಥ ಊರಿನಲ್ಲಿ ಹಾಡು ಕೇಳುವ ಯಂತ್ರ ಬದಲಾಗುವುದು ಸಣ್ಣ ಸಂಗತಿಯಲ್ಲ.

ಯಂತ್ರವನ್ನು ಅಳೆಯಲು ನಮಗೆ ಒಂದು ಹಳೆಯ ಅಳತೆಗೋಲು ಸಿಗುತ್ತದೆ. ಸೂಫಿಗಳ ‘ಸಮಾ’ ಅಂದರೆ ಹಾಡಿಗೆ ಕಿವಿಗೊಡುವ ಸಾಧನೆಯ ಕುರಿತು ಬಗ್ದಾದಿನ ಜುನೈದರು (ಮರಣ ಕ್ರಿ.ಶ. 910) ಮೂರು ಅಗತ್ಯಗಳನ್ನು ಹೇಳಿದ್ದರು: ಝಮಾನ್, ಮಕಾನ್, ಇಖ್ವಾನ್. ತಕ್ಕ ಹೊತ್ತು, ತಕ್ಕ ಜಾಗ, ತಕ್ಕ ಸಂಗಾತಿಗಳು. ಈ ಮಾತನ್ನು ಇಮಾಮ್ ಗಝ್ಝಾಲಿಯವರು (ಮರಣ 1111) ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದ ಸಮಾ ಪ್ರಕರಣದಲ್ಲಿ ಎತ್ತಿಕೊಂಡು ವಿವರಿಸಿದ್ದಾರೆ. ಸಂಗೀತ ಸಲ್ಲುವುದೋ ಇಲ್ಲವೋ ಎಂಬುದಕ್ಕೆ ಗಝ್ಝಾಲಿ ಒಂದೇ ಮಾತಿನ ಉತ್ತರ ಕೊಡುವುದಿಲ್ಲ. ಕೇಳುವವರು ಯಾರು, ಅವರೆದೆಯಲ್ಲಿ ಏನಿದೆ ಎಂಬುದರ ಮೇಲೆ ಅದು ನಿಂತಿದೆ ಎನ್ನುತ್ತಾರೆ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ನಮ್ಮಲ್ಲಿ ಈ ಚರ್ಚೆ ಮುಗಿದಿಲ್ಲ. ಆದರೆ ಹಾಡನ್ನು ಬಿಟ್ಟು ಕೇಳುವಿಕೆಯನ್ನೇ ವಿಚಾರಣೆಗೆ ಒಳಪಡಿಸಿದ ಆ ಕ್ರಮ ನಮಗೆ ಇಂದಿಗೂ ಉಪಯೋಗಕ್ಕೆ ಬರುವಂಥದ್ದು. ಏಕೆಂದರೆ ಕಿಸೆಯ ಡಬ್ಬಿ ತೊಡೆದುಹಾಕಿದ್ದು ಈ ಮೂರನ್ನೇ.

ಮೊದಲು ಹೊತ್ತು. ಮಾರ್ವಾ ರಾಗಕ್ಕೆ ಸೂರ್ಯ ಮುಳುಗುವ ಸಮಯ, ಭೈರವಕ್ಕೆ ಬೆಳಗು. ರೇಡಿಯೊಗೂ ತನ್ನದೇ ಗಂಟೆಗಳಿದ್ದವು. ಡಬ್ಬಿಗೆ ಮಾತ್ರ ಹೊತ್ತುಗೊತ್ತು ಇಲ್ಲ. ಸಂಗೀತ ಬಲ್ಲವರು ಇದಕ್ಕೆ ಹಳಹಳಿಸುತ್ತಾರೆ. ಆದರೆ ಸಂಜೆ ಎಂಬುದು ಎಲ್ಲರಿಗೂ ಬಿಡುವಿನ ಸಮಯವಲ್ಲ. ರಾತ್ರಿ ಪಾಳಿಯ ಕಾವಲುಗಾರನಿಗೆ, ಮಕ್ಕಳು ಮಲಗಿದ ಮೇಲೆ ಹೊಲಿಗೆ ಯಂತ್ರ ತುಳಿಯುವ ಹೆಂಗಸಿಗೆ ತನ್ನ ಹೊತ್ತನ್ನು ತಾನೇ ಆರಿಸಿಕೊಳ್ಳುವ ಅವಕಾಶ ಸಿಕ್ಕಿದ್ದು ಈ ಡಬ್ಬಿಯಿಂದ. ರಾಗದ ಸಮಯ ತಪ್ಪಿತೆಂದು ಅವರ ಮೇಲೆ ದೂರು ಹೇಳಲು ನಮಗೆ ಬಾಯಿಲ್ಲ.

ಜಾಗದ ಮಾತು ಸಂಗಾತಿಗಳ ಮಾತಿನೊಂದಿಗೇ ಬೆಸೆದಿದೆ. ಮೆಹಫಿಲ್ ಎಂದಾಗ ನಮ್ಮ ಕಣ್ಣಿಗೆ ಜಮಖಾನೆ, ತಂಬೂರಿ, ತಲೆದೂಗುವ ರಸಿಕರು ಬರುತ್ತಾರೆ. ಆ ಜಮಖಾನೆಯ ಮೇಲೆ ಯಾರು ಕೂರಬಹುದಿತ್ತು? 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಡುಗಿ ಗಂಗೂಬಾಯಿ ಗಾಂಧೀಜಿಯವರ ಎದುರು ಹಾಡಿದರು. ಆದರೆ ಅಲ್ಲಿ ತನ್ನ ಜಾತಿಯ ಕಾರಣಕ್ಕೆ ಎಂಜಲೆಲೆ ತೆಗೆಯಲು ಹೇಳುತ್ತಾರೇನೋ ಎಂದು ತಾನು ಹೆದರಿದ್ದನ್ನು ಅವರೇ ಮುಂದೆ ನೆನೆದಿದ್ದಾರೆ. ಅವರಂಥ ಗಾಯಕಿಗೇ ಅಷ್ಟು ಅಳುಕಿದ್ದರೆ ಕೇವಲ ಕೇಳಲು ಬಯಸಿದ ಬಡ ಹೆಂಗಸಿನ ಗತಿಯೇನು? ಜುನೈದರ ‘ಇಖ್ವಾನ್’ ಎಂಬ ಶಬ್ದದ ನೇರ ಅರ್ಥ ಸೋದರರು. ಆ ಬಳಗದಲ್ಲಿ ಸೋದರಿಯರಿಗೆ ಜಾಗ ಸಿಕ್ಕಿದ್ದು ಅಪರೂಪ. ನಮ್ಮ ದರ್ಗಾಗಳ ಉರೂಸಿನಲ್ಲೂ ಕವ್ವಾಲಿಯ ಮುಂದಿನ ಸಾಲು ಗಂಡಸರದು. ಹೆಂಗಸರಿಗೆ ಪರದೆಯ ಆಚೆಯ ದನಿಯಷ್ಟೇ ಪಾಲು.

ಬಾಗಿಲ ಹೊರಗಿದ್ದವರನ್ನು ಒಳಗೆ ಬಿಟ್ಟುಕೊಂಡದ್ದು ಯಾವಾಗಲೂ ಯಂತ್ರವೇ. ಗ್ರಾಮೊಫೋನು ಕೇಳಲು ಬೀದಿಗೆ ಓಡುತ್ತಿದ್ದ ಹುಡುಗಿ ಗಂಗೂಬಾಯಿಯಾದರು. ಅಬ್ದುಲ್ ಕರೀಂ ಖಾನರ ಝಿಂಜೋಟಿ ಠುಮ್ರಿಯ ತಟ್ಟೆ ಕೇಳಿ ಹುಚ್ಚು ಹಿಡಿದ ಹುಡುಗ 1933ರಲ್ಲಿ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟ, ಆತನೇ ಭೀಮಸೇನ ಜೋಶಿ. ಉಸ್ತಾದರ ಎದುರು ಕೂರದೆಯೇ ಉಸ್ತಾದರ ದನಿ ಹುಡುಗನಿಗೆ ಮುಟ್ಟಿತ್ತು. ಆದ್ದರಿಂದ ಯಂತ್ರ ಬಂದು ಸಂಗೀತ ಕೆಟ್ಟಿತು ಎಂಬ ಹಳಹಳಿಕೆ ಈ ನೆಲದ ಚರಿತ್ರೆಗೆ ಒಪ್ಪುವಂಥದ್ದಲ್ಲ. ಅಗ್ಗದ ಡಬ್ಬಿ ಆ ಗ್ರಾಮೊಫೋನಿನ ಬಡ ಮೊಮ್ಮಗ. ಅಜ್ಜ ಬೀದಿಗೆ ತಂದದ್ದನ್ನು ಮೊಮ್ಮಗ ಅಡುಗೆಮನೆಗೆ ತಂದ.

ಆದರೆ ಅಜ್ಜನಲ್ಲಿದ್ದ ಒಂದು ಗುಣ ಮೊಮ್ಮಗನಲ್ಲಿಲ್ಲ. ನಮ್ಮ ಮುಖ್ಯ ತಕರಾರು ಇಲ್ಲಿದೆ.

ಅನೇಕರು ದನಿಯ ಗುಣಮಟ್ಟದ ಬಗ್ಗೆ ದೂರುತ್ತಾರೆ. ಅದೂ ಸುಳ್ಳಲ್ಲ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಮುಂದಾಗಿ ರೂಪಿಸಿದ ಎಂಪಿ3 ವಿಧಾನಕ್ಕೆ ಆ ಹೆಸರು ಗೊತ್ತಾದದ್ದು 1995ರ ಜುಲೈಯಲ್ಲಿ. ಅದರ ಯುಕ್ತಿ ಇಷ್ಟೇ: ದೊಡ್ಡ ದನಿಯೊಂದರ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ದನಿಗಳನ್ನು ಕಿತ್ತುಹಾಕುವುದು. ಹೀಗೆ ಮಾಡಿದರೆ ಸಿಡಿಯಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ನುಂಗುವ ಸಂಗೀತ 128 ಕೆಬಿಪಿಎಸ್ ದರದಲ್ಲಿ ಒಂದು ಎಂಬಿಯೊಳಗೆ ಕೂರುತ್ತದೆ. 1 ಜಿಬಿ ಕಾರ್ಡಿನಲ್ಲಿ ಸುಮಾರು 17 ಗಂಟೆಗಳ ಹಾಡು. ಇನ್ನಷ್ಟು ತುರುಕಲು ಅಂಗಡಿಯವರು ದರವನ್ನು 64ಕ್ಕೆ ಇಳಿಸಿದರೆ ತಂಬೂರಿಯ ಜವಾರಿಯ ಮೇಲಿನ ಎಳೆಗಳು ಮಸುಕಾಗುತ್ತವೆ, ತಬಲಾದ ಪೆಟ್ಟು ಮೊಂಡಾಗುತ್ತದೆ. ಒಂದೊಂದೇ ಸ್ವರವನ್ನು ತಂಬೂರಿಯ ನಾದಕ್ಕೆ ಕೂಡಿಸುತ್ತ ಸಾಗುವ ಕಿರಾಣಾ ಗಾಯನಕ್ಕೆ ಇದು ನಷ್ಟವೇ. ಆದರೂ ಮೂರು ನಿಮಿಷದ ತಟ್ಟೆಯ ಗೊರಗೊರ ಸದ್ದಿನಲ್ಲೇ ಭೀಮಸೇನರಿಗೆ ಸಿಗಬೇಕಾದದ್ದು ಸಿಕ್ಕಿತ್ತು. ದನಿ ಸವೆದರೆ ಕಿವಿ ಅದನ್ನು ತುಂಬಿಕೊಳ್ಳಬಲ್ಲದು.

ತುಂಬಿಕೊಳ್ಳಲಾಗದ್ದು ಹೆಸರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದಾಗ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲಿ ಎಂಬುದು ಅದರ ಕಾರಣ. ಕಾರಣ ಏನೇ ಇರಲಿ, ಫಲ ದೊಡ್ಡದು. ತವಾಯಫ್ ಎಂದು ಸಮಾಜ ಕೀಳಾಗಿ ಕಂಡ ಹೆಣ್ಣೊಬ್ಬಳ ಹೆಸರು ಆಕೆಯದೇ ದನಿಯಲ್ಲಿ ಉಳಿಯಿತು. ಅವರು 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು. ಹೆಸರು ಮಾತ್ರ ಇಂದಿಗೂ ತಟ್ಟೆಯಿಂದ ಕೇಳುತ್ತದೆ.

ಎಂಪಿ3 ಕಡತದ ಕೊನೆಗೂ ಹೆಸರಿಗೆಂದೇ ಒಂದು ಜಾಗವಿದೆ. 1996ರಲ್ಲಿ ಬಂದ ಆ ಏರ್ಪಾಡಿನಲ್ಲಿ ಒಟ್ಟು 128 ಬೈಟುಗಳು, ಅದರಲ್ಲಿ ಕಲಾವಿದರ ಹೆಸರಿಗೆ 30. ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಯುನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟು ಬೇಕು. ಮೂವತ್ತರಲ್ಲಿ ಹತ್ತೇ ಚಿಹ್ನೆ ಹಿಡಿಸುತ್ತವೆ, ‘ಮಲ್ಲಿಕಾರ್ಜುನ’ ಎಂಬುದೇ ಪೂರ್ತಿ ಹಿಡಿಸದು. ಆ ಏರ್ಪಾಡು ಕನ್ನಡವನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದೇ ಅಲ್ಲ. ಅಗ್ಗದ ಡಬ್ಬಿಗಳಲ್ಲಿ ಕೆಲವಕ್ಕೆ ಅಂಕಿ ತೋರಿಸುವ ಕಿಂಡಿಯಷ್ಟೇ ಇತ್ತು, ಕೆಲವಕ್ಕೆ ಅದೂ ಇರಲಿಲ್ಲ. ಇನ್ನು ಬಜಾರಿನ ಕಾರ್ಡುಗಳಲ್ಲಿ ಕಲಾವಿದರ ಹೆಸರಿನ ಜಾಗದಲ್ಲಿ ಕೂತಿರುತ್ತಿದ್ದದ್ದು ಹಾಡು ಕದ್ದು ಇಳಿಸಿದ ಜಾಲತಾಣದ ಹೆಸರು. ಕದ್ದ ಮಾಲಿನ ಮೇಲೆ ಕಳ್ಳನ ಅಂಕಿತ!

ಲತಾ, ರಫಿಯವರಿಗೆ ಇದರಿಂದ ನಷ್ಟವಿಲ್ಲ, ಅವರ ದನಿಯೇ ಅವರ ಹೆಸರು. ನಷ್ಟವಾದದ್ದು ಊರಿನ ಹಾಡುಗಾರರಿಗೆ. ಮೊಹರಮ್ಮಿನ ರಿವಾಯತು ಪದ ಹಾಡುವ ಮೇಳಗಳು, ಡೊಳ್ಳಿನ ಹಾಡಿನವರು, ಗೀಗೀ ಪದದ ಹೆಂಗಸರು ತಮ್ಮ ಹಾಡನ್ನು ಈ ಕಾರ್ಡುಗಳ ಮೂಲಕ ಊರೂರಿಗೆ ಹಂಚಿಕೊಂಡರು. ಹಾಡು ಹೋಯಿತು, ಹಾಡಿದವರು ಯಾರೆಂಬುದು ಹೋಗಲಿಲ್ಲ. ಸಂಭಾವನೆ ಕೊಟ್ಟು ಕರೆಸಬೇಕೆಂದರೂ ಯಾವ ಊರಿನ ಮೇಳವೆಂದು ತಿಳಿಯದು. ನಮ್ಮ ಉಸ್ತಾದರು ಗುರುವಿನ ಹೆಸರೆತ್ತುವಾಗ ಕಿವಿ ಮುಟ್ಟಿಕೊಳ್ಳುತ್ತಿದ್ದರು. ಆ ಅದಬ್ ಕಲಿಸಿದ ಪರಂಪರೆ ‘ಟ್ರ್ಯಾಕ್ 07’ ಎಂಬಲ್ಲಿಗೆ ಬಂದು ನಿಂತಿತು.

ಇನ್ನೊಂದು ಕೇಡು ಕಾರ್ಡಿನೊಳಗಿನ ಖಾನೆಗಳದ್ದು. ಭಜನೆ ಒಂದು ಫೋಲ್ಡರು, ಕವ್ವಾಲಿ-ನಾತ್ ಇನ್ನೊಂದು. ಹುಡುಗ ನಮ್ಮ ಗಡ್ಡ, ಟೋಪಿ, ಕುಂಕುಮ ನೋಡಿಯೇ ಯಾವುದೆಂದು ತೀರ್ಮಾನಿಸಿಬಿಡುತ್ತಿದ್ದ. ಹಾಗಾದರೆ ಶಿಶುನಾಳ ಶರೀಫರನ್ನು (1819-1889) ಯಾವ ಖಾನೆಯಲ್ಲಿ ಇಡುವುದು? ಗೋವಿಂದ ಭಟ್ಟರ ಶಿಷ್ಯನಾದ ಮುಸಲ್ಮಾನನ ತತ್ವಪದಗಳು ಎರಡರಲ್ಲೂ ಹಿಡಿಸದೆ ‘ಇತರೆ’ ಎಂಬಲ್ಲಿ ಬೀಳುತ್ತವೆ. 1994ರಲ್ಲಿ ಈದ್ಗಾ ಮೈದಾನದ ಹೆಸರಿನಲ್ಲಿ ಗೋಲಿಬಾರು ಕಂಡ ಊರು ನಮ್ಮದು. ಬೀದಿ ಹಂಚಿಹೋದ ಮೇಲೆ ಕಿವಿಯೂ ಹಂಚಿಹೋಗುವುದು ಕಠಿಣವೇನಲ್ಲ. ರೇಡಿಯೊ ನಾವು ಕೇಳದ್ದನ್ನೂ ಕೇಳಿಸುತ್ತಿತ್ತು. ವಂದನದ ಬೆನ್ನಿಗೆ ವಚನ, ವಚನದ ಬೆನ್ನಿಗೆ ಬಾಲೇಖಾನರ ಸಿತಾರು ಬಂದರೆ ನಾವು ಎದ್ದುಹೋಗುತ್ತಿರಲಿಲ್ಲ. ಡಬ್ಬಿ ನಾವು ಬೇಡಿದ್ದನ್ನಷ್ಟೇ ಕೊಡುತ್ತದೆ.

ನಮ್ಮ ಮನೆಗಳಲ್ಲಿ ಕಂಡುಬರುವ ಕುರ್‌ಆನ್ ಪಠಣದ ಡಬ್ಬಿಗಳ ಬಗ್ಗೆಯೂ ಇಲ್ಲಿ ಒಂದು ಮಾತು. ಅಕ್ಷರ ಬಾರದ ಅಜ್ಜಿಯರಿಗೆ, ಕಣ್ಣು ಮಂಜಾದವರಿಗೆ ಇವು ದೊಡ್ಡ ನೆರವು. ಆದರೆ ಪಠಣ ನಡೆಯುವಾಗ ಮೌನವಾಗಿ ಕಿವಿಗೊಡಬೇಕೆಂಬ ಆದೇಶ ಅಲ್-ಅಅ್‌ರಾಫ್ ಅಧ್ಯಾಯದಲ್ಲೇ ಇದೆ. ಅಂಗಡಿ ತೆರೆದೊಡನೆ ಡಬ್ಬಿ ಹಚ್ಚಿ, ಅದರ ಮೇಲೆ ಚೌಕಾಸಿ ಮಾಡುತ್ತ ಕೂರುವುದು ಕೇಳುವಿಕೆಯಲ್ಲ, ಬರಕತ್ತಿಗೆ ಹಚ್ಚಿಟ್ಟ ಊದುಬತ್ತಿ. ಸಂಗೀತ ಹರಾಮೋ ಎಂದು ಗಂಟೆಗಟ್ಟಲೆ ವಾದಿಸುವ ನಾವು ಕಿವಿಯ ಅದಬ್ ಕುರಿತು ಇಷ್ಟು ಸಡಿಲವಾಗಿರುವುದು ಸರಿಯೇ?

2016ರ ನಂತರ ಇಂಟರ್ನೆಟ್ ಅಗ್ಗವಾಗಿ ಡಬ್ಬಿಯ ಕೆಲಸವನ್ನು ಫೋನು ವಹಿಸಿಕೊಂಡಿತು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತವರ ಕಿವಿಗಳಲ್ಲಿ ಈಗ ಬೇರೆ ಬೇರೆ ಲೋಕಗಳಿವೆ. ಫೋನು ಹೆಸರನ್ನು ತೋರಿಸುತ್ತದೆ ನಿಜ, ಆದರೆ ಮುಂದಿನ ಹಾಡನ್ನು ತಾನೇ ಆರಿಸುತ್ತದೆ. ಇದಕ್ಕೆ ಹೋಲಿಸಿದರೆ ಆ ಬಡ ಡಬ್ಬಿಯೇ ವಾಸಿ. ಅದಕ್ಕೆ ಹೊರಮುಖವಾದ ಸ್ಪೀಕರು ಇತ್ತು. ಒಲೆಯ ಮುಂದೆ ಇಟ್ಟರೆ ನೆರೆಮನೆಯಾಕೆಯೂ ಕೇಳುತ್ತಿದ್ದಳು, ಟೇಲರ್ ಅಂಗಡಿಯಲ್ಲಿ ಇಟ್ಟರೆ ನಾಲ್ವರು ಸಂಗಾತಿಗಳಾಗುತ್ತಿದ್ದರು. ಅದು ಮೆಹಫಿಲನ್ನು ಒಡೆಯಲಿಲ್ಲ, ಮೆಹಫಿಲಿಗೆ ಬಾರದವರ ನಡುವೆ ಒಂದು ಸಣ್ಣ ಮೆಹಫಿಲ್ ಹೂಡಿತು.

ಆದ್ದರಿಂದ ನಮ್ಮ ತೀರ್ಪು ಹೀಗೆ. ಹೊತ್ತು ಮತ್ತು ಜಾಗಗಳ ಕಟ್ಟು ಬಿಚ್ಚಿದ್ದಕ್ಕೆ ಡಬ್ಬಿಗೆ ಋಣಿಗಳಾಗಿರೋಣ, ಅದರಿಂದ ಪಡೆದವರು ಹೆಚ್ಚಾಗಿ ಬಡವರು ಮತ್ತು ಹೆಂಗಸರು. ಹೆಸರು ಅಳಿಸಿದ್ದಕ್ಕೆ ಮಾತ್ರ ಅದನ್ನು ಕ್ಷಮಿಸಬೇಕಾಗಿಲ್ಲ. ಈ ತಪ್ಪನ್ನು ತಿದ್ದಲು ಹೊಸ ಯಂತ್ರವೂ ಬೇಕಿಲ್ಲ. ಮೊಹರಮ್ಮಿನ ರಾತ್ರಿ ಫೋನು ಹಿಡಿದು ರಿವಾಯತು ಮುದ್ರಿಸಿಕೊಳ್ಳುವ ನಮ್ಮ ಹುಡುಗರು ಪದ ಮುಗಿದೊಡನೆ ಗುಂಡಿ ಒತ್ತದೆ ಒಂದು ಗಳಿಗೆ ತಡೆಯಲಿ. ಹಾಡಿದವರು ತಮ್ಮ ಹೆಸರು, ತಮ್ಮ ಊರು, ಪದ ಕಲಿಸಿದವರ ಹೆಸರು, ಇಸವಿ ಹೇಳಲಿ. ಹೇಳಿದ್ದು ಹಾಡಿನೊಂದಿಗೇ ಹೋಗುತ್ತದೆ, ಅದನ್ನು ಯಾವ ಅಂಗಡಿಯವನೂ ಅಷ್ಟು ಸುಲಭವಾಗಿ ತೆಗೆಯಲಾರ. ಗೌಹರ್ ಜಾನ್ ನೂರಿಪ್ಪತ್ತು ವರ್ಷಗಳ ಹಿಂದೆಯೇ ಮಾಡಿ ತೋರಿಸಿದ ಕೆಲಸ ಅದು.