ಗೆರೆ ತುಂಬಿದರೆ ಸಾಲದು

ಕಾಲೇಜಿನ ವೈ-ಫೈ ಮೊಬೈಲ್‌ಗೆ ಸಿಗದಿದ್ದರೆ ನಿಮಗೆ ದೊರೆಯುವ ಸಲಹೆ ಒಂದೇ: ‘ಆಫ್ ಮಾಡಿ, ಆನ್ ಮಾಡಿ’. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಮಳೆಯನ್ನೂ ದೂರುವುದುಂಟು. ಎರಡೂ ಅರೆಬರೆ ಉತ್ತರಗಳೇ. ಕೆಲವೇ ಮೀಟರ್ ದೂರದಲ್ಲಿ 2.4 ಗಿಗಾಹರ್ಟ್ಸ್ ಅಲೆಗಳನ್ನು ಮಳೆಹನಿ ತಡೆಯುವುದು ಅತ್ಯಲ್ಪ; ನೆನೆದ ದಪ್ಪ ಜಂಬಿಟ್ಟಿಗೆ ಗೋಡೆ ಹೆಚ್ಚು ತಡೆಯುತ್ತದೆ.

ಸಂಪರ್ಕಕ್ಕೆ ಮೂರು ಮೆಟ್ಟಿಲುಗಳಿವೆ: ಸಂಕೇತ, ಪಾಸ್‌ವರ್ಡ್ ಪರೀಕ್ಷೆ, ಐಪಿ ವಿಳಾಸ. ಪರದೆಯ ಗೆರೆಗಳು ತೋರಿಸುವುದು ಮೊದಲನೆಯದನ್ನು ಮಾತ್ರ. ರೂಟರ್ ಹತ್ತಿರ ಹೋದಾಗ ಸರಿಯಾದರೆ ದೋಷ ಸಂಕೇತದ್ದು. ಗೆರೆ ತುಂಬಿದ್ದೂ ವಿಳಾಸ 169.254 ಎಂದು ಆರಂಭವಾಗಿದ್ದರೆ, ವಿಳಾಸ ಹಂಚುವ ಸರ್ವರ್‌ನಿಂದ ಉತ್ತರ ಬಂದಿಲ್ಲವೆಂದರ್ಥ. ಆಗ ಪಕ್ಕದವರ ಮೊಬೈಲನ್ನೂ ನೋಡಿ. ಅಲ್ಲೂ ಹಾಗೆಯೇ ಇದ್ದರೆ ತೊಂದರೆ ಬಹುತೇಕ ಕಾಲೇಜಿನ ಜಾಲದ್ದು. ಹೊಸ ಮೊಬೈಲ್ ಕೊಂಡರೆ ಹಣ ದಂಡ. ‘ಆಫ್-ಆನ್’ ದೋಷವನ್ನು ಮರೆಸಬಹುದು, ತಿಳಿಸಲಾರದು.