ಮೈ ನೋಡಿ ಕೊಡುವ ಬಹುಮಾನ

ಹಳೇ ಮೈಸೂರು ಸೀಮೆಯ ದನದ ಜಾತ್ರೆಗಳಲ್ಲಿ ಹಳ್ಳಿಕಾರ್ ಹೋರಿಗಳಿಗೆ ಬಹುಮಾನ ಕೊಡುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹೋದವರು ನೋಡಿಯೇ ಇರುತ್ತೀರಿ. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ, ತಲೆಯ ಮೇಲೆ ಪೆಂಡಾಲು. ಜೋಡಿಯ ಬಣ್ಣ ಒಂದೇ ಇದೆಯೆ, ಕೊಂಬು ನೆಟ್ಟಗೆ ಹಿಂದಕ್ಕೆ ಹೋಗಿ ತುದಿಯಲ್ಲಿ ಮುಂದಕ್ಕೆ ಬಾಗಿದೆಯೆ, ಸುಳಿ ಎಲ್ಲಿದೆ, ಇಷ್ಟು ನೋಡುವಷ್ಟರಲ್ಲಿ ತೀರ್ಪು ಮುಗಿದಿರುತ್ತದೆ. ಥೇಟು ಹೆಣ್ಣು ನೋಡುವ ಶಾಸ್ತ್ರ!

ಹಳ್ಳಿಕಾರ್ ದುಡಿಮೆಯ ತಳಿ. ಅದನ್ನು ಕಾಲಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು. ಗೊರಸು ಗಟ್ಟಿಯಾಗಿರಬೇಕು, ಅದರ ಸೀಳು ಬಿಚ್ಚಿಕೊಂಡಿರಬಾರದು. ಹಿಂಗಾಲಿನ ಕೀಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವಂತಿದ್ದರೆ, ನಿಂತಾಗ ಎಷ್ಟೇ ಚಂದ ಕಂಡರೂ ಆ ಹೋರಿ ಗಾಡಿಯ ಭಾರಕ್ಕೆ ಬೇಗ ಸೋಲುತ್ತದೆ. ಆದ್ದರಿಂದ ನಡೆಸಿ ನೋಡಬೇಕು, ಅದೂ ಹಿಂದೆ ನಿಂತು.

ಇನ್ನು ಮಾಂಸಖಂಡದ ಮಾತು. ಜಾತ್ರೆಗೆ ಮುಂಚೆ ಹಿಂಡಿ, ಹುರುಳಿ ತಿನ್ನಿಸಿ ಮೈ ತುಂಬಿಸುತ್ತಾರೆ. ನೋಡುವವರು ಆ ಕೊಬ್ಬನ್ನೇ ಕಸುವೆಂದು ತಿಳಿಯುತ್ತಾರೆ. ಕೊಬ್ಬು ಬಾಲದ ಬುಡದಲ್ಲಿ, ಪಕ್ಕೆಲುಬಿನ ಮೇಲೆ ಕೂಡುತ್ತದೆ, ಒತ್ತಿದರೆ ಮೆತ್ತಗಿರುತ್ತದೆ. ಮಾಂಸಖಂಡ ಭುಜದಲ್ಲಿ, ತೊಡೆಯಲ್ಲಿ ಗಟ್ಟಿಯಾಗಿ ಉಬ್ಬಿದ್ದು, ಹೆಜ್ಜೆಯಿಟ್ಟಾಗ ಚರ್ಮದಡಿ ಆಡುತ್ತದೆ. ಕೈಯಿಟ್ಟು ನೋಡದೆ ಈ ವ್ಯತ್ಯಾಸ ತಿಳಿಯದು. ದಿನವೂ ಕೊಟ್ಟಿಗೆ ಗುಡಿಸಿ, ದನದ ಮೈ ತಿಕ್ಕುವ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು. ಅವರಲ್ಲಿ ಒಬ್ಬರನ್ನಾದರೂ ತೀರ್ಪುಗಾರರ ಸಾಲಿನಲ್ಲಿ ನಾನಂತೂ ಕಂಡಿಲ್ಲ.

ಕೊಬ್ಬಲ್ಲ, ನಿಜವಾದ ಮಾಂಸಖಂಡವೇ ಆಗಿದ್ದರೂ ಅದೊಂದಕ್ಕೇ ಮರುಳಾಗಬಾರದು. ಬೆಲ್ಜಿಯಂ ದೇಶದಲ್ಲಿ ಮಾಂಸಕ್ಕೆಂದು ಸಾಕುವ ಬೆಲ್ಜಿಯನ್ ಬ್ಲೂ ಎಂಬ ತಳಿಯಿದೆ. ತೊಡೆ, ಬೆನ್ನೆಲ್ಲ ಗರಡಿಯಾಳಿನ ಹಾಗೆ ಗಂಟುಗಂಟು. ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಜೀನು ಕೆಟ್ಟಿರುವುದೇ ಇದಕ್ಕೆ ಕಾರಣವೆಂದು 1997ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಅಂಥ ಮೈಯನ್ನೇ ಆರಿಸಿ ಆರಿಸಿ ತಳಿ ಬೆಳೆಸಿದ್ದರಿಂದ ಕರು ದಪ್ಪವಾಯಿತು, ಹೆರಿಗೆಯ ದಾರಿ ಕಿರಿದಾಯಿತು. ಈಗ ಅಲ್ಲಿನ ಹೆಚ್ಚಿನ ಹಸುಗಳಿಗೆ ಹೊಟ್ಟೆ ಕೊಯ್ದೇ ಕರು ತೆಗೆಯಬೇಕು. ಬಹುಮಾನ ಹೋರಿಗೆ, ಹೊಲಿಗೆ ಹಸುವಿಗೆ.

ನಮ್ಮ ಹಳ್ಳಿಕಾರ್ ಹಸು ತಾನೇ ಈದು, ಕರುವನ್ನು ನೆಕ್ಕುತ್ತ ನಿಲ್ಲುವಂಥದು. ಆದರೆ ಬಹುಮಾನ ಬಂದ ಬೀಜದ ಹೋರಿಯನ್ನೇ ಹುಡುಕಿಕೊಂಡು ಸುತ್ತಲಿನ ಊರುಗಳ ಹಸುಗಳು ಬರುತ್ತವೆ. ಅಂಥ ಹೋರಿಯನ್ನು ಆರಿಸುವಾಗ ಅದರ ತಾಯಿಯನ್ನೂ ಪಕ್ಕದಲ್ಲಿ ಕಟ್ಟಿಸಿ, ಸೊಂಟದ ಅಗಲ ನೋಡಿ, ಎಷ್ಟು ಸೂಲು ಸುಸೂತ್ರವಾಗಿ ಈದಿದೆ ಎಂದು ಕೇಳಿ ಅಂದರೆ, ಪೆಂಡಾಲಿನವರು ನಗುತ್ತಾರೆ.