ಯಾರ ಸ್ವತ್ತು ಈ ಗಣರಾಜ್ಯ?

ಲ್ಯಾಟಿನ್ನಿನ ‘ರೆಸ್ ಪಬ್ಲಿಕಾ’ ಎಂಬ ಮಾತಿನಲ್ಲಿ ರಾಜ್ಯವೂ ಇಲ್ಲ, ಪ್ರಭುತ್ವವೂ ಇಲ್ಲ. ‘ರೆಸ್’ ಎಂದರೆ ವಸ್ತು, ಸ್ವತ್ತು, ವ್ಯವಹಾರ. ‘ಪಬ್ಲಿಕಾ’ ಎಂದರೆ ಸಾರ್ವಜನಿಕವಾದದ್ದು. ನಮ್ಮ ‘ಗಣರಾಜ್ಯ’ ಎಂಬ ಪದದಲ್ಲಿ ಈ ಸ್ವತ್ತಿನ ಅರ್ಥ ಕೇಳಿಸುವುದಿಲ್ಲ. ಸಿಸೆರೋನ ‘ಡಿ ರೆ ಪಬ್ಲಿಕಾ’ವನ್ನು ಓದುವಾಗ ಅದನ್ನು ಕೈಬಿಟ್ಟರೆ ಕೃತಿಯ ಬಲವೂ ಕಾಣದು, ಅದರೊಳಗಿನ ಬಿರುಕೂ ಕಾಣದು.

ಕ್ರಿ.ಪೂ. 54ರಿಂದ 51ರ ನಡುವೆ ಬರೆದ ಈ ಸಂವಾದ ನಡೆಯುವುದು ಕ್ರಿ.ಪೂ. 129ರಲ್ಲಿ, ಸ್ಕಿಪಿಯೋ ಎಮಿಲಿಯಾನಸ್‌ನ ತೋಟದಲ್ಲಿ. ಹಬ್ಬದ ಬಿಡುವಿನಲ್ಲಿ ಕುಲೀನ ಗೆಳೆಯರು ಸೇರಿದ್ದಾರೆ. ಗಣರಾಜ್ಯವೆಂದರೆ ಜನರ ಸ್ವತ್ತು ಎನ್ನುತ್ತಾನೆ ಸ್ಕಿಪಿಯೋ. ಜನರೆಂದರೆ ಹೇಗೋ ಕಲೆತ ಗುಂಪಲ್ಲ, ನ್ಯಾಯದ ಬಗೆಗಿನ ಒಮ್ಮತದಿಂದಲೂ ಹಂಚಿಕೊಂಡ ಹಿತದಿಂದಲೂ ಕೂಡಿದವರು. ಈ ವ್ಯಾಖ್ಯೆ ಹರಿತವಾದದ್ದು. ಮೂರನೆಯ ಪುಸ್ತಕದಲ್ಲಿ ಅವನು ಅದನ್ನು ಸಿರಾಕ್ಯೂಸ್ ನಗರಕ್ಕೆ ಹಚ್ಚಿ ನೋಡುತ್ತಾನೆ. ಕೋಟೆ, ಬಂದರು, ಗುಡಿಗಳೆಲ್ಲ ಇದ್ದ ಚೆಲುವಾದ ಊರು. ಆದರೆ ಡಯೊನೀಸಿಯಸ್‌ನ ದಬ್ಬಾಳಿಕೆಯಲ್ಲಿ ಜನರದ್ದು ಎನ್ನುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಹಾಗಾಗಿ ಅದನ್ನು ಕೆಟ್ಟ ಗಣರಾಜ್ಯ ಎನ್ನುವಂತಿಲ್ಲ. ಅದು ಗಣರಾಜ್ಯವೇ ಅಲ್ಲ.

ಇದೇ ಅಳತೆಗೋಲನ್ನು ರೋಮಿಗೂ ಹಿಡಿಯಬಹುದಲ್ಲವೇ? ಎರಡನೆಯ ಪುಸ್ತಕದಲ್ಲಿ ಸ್ಕಿಪಿಯೋ ರೋಮಿನ ಮತದಾನದ ಏರ್ಪಾಡೊಂದನ್ನು ಮೆಚ್ಚಿ ಮಾತಾಡುತ್ತಾನೆ. ಅಲ್ಲಿ ಒಟ್ಟು 193 ಮತಘಟಕಗಳು. ಹಣವಂತರ ಘಟಕಗಳೇ ಮೊದಲು ಮತ ಹಾಕುತ್ತಿದ್ದವು; 97ರ ಬಹುಮತ ಸಿಕ್ಕಿದ ಕೂಡಲೇ ಎಣಿಕೆ ಮುಗಿಯುತ್ತಿತ್ತು. ಆಸ್ತಿಯಿಲ್ಲದವರೆಲ್ಲ ಸೇರಿ ಒಂದೇ ಘಟಕ, ಅದೂ ಕೊನೆಯಲ್ಲಿ. ಹೆಚ್ಚು ಸಂಖ್ಯೆಯವರಿಗೆ ಹೆಚ್ಚು ಬಲ ಸಿಗಬಾರದೆಂಬುದೇ ಇದರ ಗುಣವೆಂದು ಅವನ ವಾದ. ಒಡೆತನ ಜನರದ್ದು, ಪಾರುಪತ್ಯ ಹಿರಿಯರದ್ದು ಎಂದು ಇದನ್ನು ಸಮರ್ಥಿಸಬಹುದು.

ಆದರೆ ಪಾರುಪತ್ಯದವರೇ ಸ್ವತ್ತನ್ನು ಉಂಡರೆ? ಇದು ಆಗ ಬರಿಯ ಊಹೆಯಾಗಿರಲಿಲ್ಲ. ಸಾರ್ವಜನಿಕ ಭೂಮಿಯನ್ನು ಸಿರಿವಂತರು ಮಿತಿಮೀರಿ ಹಿಡಿದಿದ್ದರು. ಅದನ್ನು ಬಿಡಿಸಿ ಬಡವರಿಗೆ ಹಂಚಲು ಹೊರಟ ಟೈಬೀರಿಯಸ್ ಗ್ರಾಕಸ್‌ನನ್ನು ಕ್ರಿ.ಪೂ. 133ರಲ್ಲಿ ಸೆನೆಟರುಗಳೂ ಅವರ ಬೆಂಬಲಿಗರೂ ಹೊಡೆದು ಕೊಂದರು. ಈ ಸಂವಾದದಲ್ಲಿ ಅವನು ಬರುವುದು ಒಂದು ಜನತೆಯನ್ನು ಇಬ್ಭಾಗ ಮಾಡಿದವನಾಗಿ. ಒಮ್ಮತ ಮುರಿದದ್ದು ಗೆಳೆಯರಿಗೆ ಕಾಣುತ್ತದೆ. ಹಿತ ಹಂಚಿಕೆಯಾಗದೆ ಹೋದದ್ದು ಕಾಣುವುದಿಲ್ಲ. ವ್ಯಾಖ್ಯೆಯ ಎರಡು ಕಾಲುಗಳಲ್ಲಿ ಒಂದನ್ನು ಅವರೇ ಮರೆತಿದ್ದಾರೆ.

ಮುಂದೆ ಸಂತ ಅಗಸ್ಟೀನ್ ಇದೇ ವ್ಯಾಖ್ಯೆಯನ್ನು ತಿರುಗಿಸಿ, ನಿಜವಾದ ನ್ಯಾಯವಿಲ್ಲದ ರೋಮ್ ಎಂದೂ ಗಣರಾಜ್ಯವಾಗಿರಲೇ ಇಲ್ಲ ಎಂದ. ಸಿಸೆರೋನ ಬರಹವನ್ನು ಅಳಿಸಿ, ಅದರ ಮೇಲೆ ಅಗಸ್ಟೀನನದೇ ಕೀರ್ತನೆಗಳ ವ್ಯಾಖ್ಯಾನವನ್ನು ಬರೆದಿದ್ದ ಹಾಳೆಗಳಿಂದ ಆಂಜೆಲೋ ಮಾಯ್ ಈ ಕೃತಿಯ ದೊಡ್ಡ ಭಾಗವನ್ನು 1819ರಲ್ಲಿ ಪತ್ತೆಮಾಡಿದ.

ಸಿಸೆರೋ ಕುಲೀನರ ವಕೀಲ ಎಂದು ಪುಸ್ತಕ ಮುಚ್ಚಿಡುವುದು ಸುಲಭ. ಆದರೆ ಅವನನ್ನು ಪ್ರಶ್ನಿಸಲು ಬೇಕಾದ ಮಾತನ್ನೂ ಅವನೇ ಕೊಟ್ಟಿದ್ದಾನೆ. ಇದು ಜನರ ಸ್ವತ್ತು ಎಂದವನಿಗೆ, ಹಾಗಾದರೆ ಲೆಕ್ಕ ತೋರಿಸು ಎಂದು ಜನ ಕೇಳಬಹುದು.